ಚಕ್ರದ ಎಣಿಕೆ: ವೇಗದ ಮುಳ್ಳಿನಿಂದ ಬ್ರೇಕಿನವರೆಗೆ

ಮಳೆ ಬಿದ್ದ ಮರುದಿನ ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ಕಡೆಗೋ, ಇಂಡಿಯಿಂದ ಸಿಂದಗಿಯ ಕಡೆಗೋ ಹೊರಟವರಿಗೆ ಡಾಂಬರು ರಸ್ತೆಯ ಮೇಲೆ ಕಾಣುವುದು ಎರೆಮಣ್ಣು. ಹೊಲದಿಂದ ರಸ್ತೆಗೆ ಏರಿದ ಟ್ರ್ಯಾಕ್ಟರುಗಳು ಗಾಲಿಗೆ ಅಂಟಿಸಿಕೊಂಡು ತಂದ ಜಿಗುಟು ಮಣ್ಣನ್ನು ದಾರಿಯುದ್ದಕ್ಕೂ ಉದುರಿಸುತ್ತ ಹೋಗಿರುತ್ತವೆ. ಇಂಥ ದಾರಿಯಲ್ಲಿ ಓಡುವ ಕಾರಿನ ವೇಗ ತೋರಿಸುವ ಮುಳ್ಳು ಇದ್ದಕ್ಕಿದ್ದಂತೆ ಸೊನ್ನೆಗೆ ಬಿದ್ದರೆ ಅನುಭವಿ ಡ್ರೈವರು ಗಾಬರಿಯಾಗುವುದಿಲ್ಲ. "ಮೀಟರ್ ನಿಂತ್ರ ಏನಾತ್ರಿ, ಗಾಡಿ ಓಡಾಕತ್ತೈತಲ್ಲ" ಎಂಬ ಮಾತು ಈ ಸೀಮೆಯಲ್ಲಿ ಕೇಳದವರು ಕಡಿಮೆ. ಇಂಜಿನ್ನಿನ ಸದ್ದು, ಗೇರು, ಪಕ್ಕದಲ್ಲಿ ಹಿಂದೆ ಸರಿಯುವ ಬೇವಿನ ಮರಗಳು ಇವುಗಳಿಂದಲೇ ಆತ ವೇಗವನ್ನು ಅಳೆಯಬಲ್ಲ.

ಒಂದು ಕಾಲಕ್ಕೆ ಈ ಮಾತು ತಕ್ಕಮಟ್ಟಿಗೆ ನಿಜವೂ ಆಗಿತ್ತು. ಮುಳ್ಳು ನಿಂತರೆ ನಿಂತದ್ದು ಮುಳ್ಳು ಮಾತ್ರ. ಆದರೆ ಈಗಿನ ವಾಹನದಲ್ಲಿ ಮುಳ್ಳು ಅಲುಗಾಡಲು ಕಾರಣವಾದ ಎಣಿಕೆಯನ್ನೇ ಬ್ರೇಕೂ ಕೇಳಿಸಿಕೊಳ್ಳುತ್ತಿರಬಹುದು. ಮುಳ್ಳಿನ ಜೊತೆಗೆ ಹಳದಿ ಬಣ್ಣದ ಎಬಿಎಸ್ ದೀಪವೂ ಹತ್ತಿಕೊಂಡಿದ್ದರೆ, ಕೆಸರಿನ ಮೇಲೆ ಗಟ್ಟಿಯಾಗಿ ಬ್ರೇಕು ತುಳಿದಾಗ ಗಾಲಿ ಬಿಗಿದುಕೊಳ್ಳದಂತೆ ಕಾಯುವ ವ್ಯವಸ್ಥೆಯೂ ಕೆಲಸ ನಿಲ್ಲಿಸಿದೆ ಎಂದರ್ಥ. ವೇಗ ತೋರಿಸುವ ಸಾಧನಕ್ಕೂ ಪ್ರಾಣ ಕಾಯುವ ಬ್ರೇಕಿಗೂ ಈ ನಂಟು ಬೆಳೆದದ್ದು ಹೇಗೆ? ಅದರ ಹಿಂದೆ ಎರಡು ಸಾವಿರ ವರ್ಷಗಳ ಕಥೆಯಿದೆ.

ಕಲ್ಲು ಉದುರಿಸಿದ ಬಂಡಿ

ಮೈಲಿಗಲ್ಲು ಬರುವ ಮೊದಲು ನಮ್ಮವರು ದಾರಿಯನ್ನು ಹರದಾರಿ, ಗಾವುದಗಳಲ್ಲಿ ಲೆಕ್ಕ ಹಾಕುತ್ತಿದ್ದರು. ಹರದಾರಿಯೆಂದರೆ ಸುಮಾರು ಮೂರು ಮೈಲಿ ಎಂದು ಹೇಳುವುದುಂಟು. ಆದರೆ ಊರಿಂದೂರಿಗೆ ಅದು ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ಎತ್ತಿನ ನಡಿಗೆ, ದಾರಿಯ ಏರು, ಬಿಸಿಲಿನ ತಾಪ ಎಲ್ಲವೂ ಅದರೊಳಗೆ ಸೇರಿಕೊಂಡಿದ್ದವು. ದೂರವನ್ನು ಮನುಷ್ಯನ ದಣಿವಿನಿಂದ ಬಿಡಿಸಿ ಗಾಲಿಯ ಸುತ್ತಿಗೆ ಕಟ್ಟಿದವರಲ್ಲಿ ರೋಮಿನ ವಾಸ್ತುತಜ್ಞ ವಿಟ್ರೂವಿಯಸನ ಹೆಸರು ಮೊದಲಿಗೆ ಬರುತ್ತದೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಆತ ತನ್ನ ಗ್ರಂಥದಲ್ಲಿ ಒಂದು ಬಂಡಿಯನ್ನು ವರ್ಣಿಸಿದ್ದಾನೆ. ಅದರ ಗಾಲಿಯ ವ್ಯಾಸ ನಾಲ್ಕು ಅಡಿ. ಅದು 400 ಸುತ್ತು ಸುತ್ತಿದರೆ ಒಂದು ರೋಮನ್ ಮೈಲಿ. ಹಲ್ಲಿನ ಚಕ್ರಗಳ ಜೋಡಣೆಯಿಂದ ಪ್ರತಿ ಮೈಲಿಗೆ ಒಂದು ಗುಂಡುಕಲ್ಲು ಕಂಚಿನ ಪಾತ್ರೆಯೊಳಗೆ ಠಣ್ಣೆಂದು ಬೀಳುತ್ತಿತ್ತು. ಸಂಜೆ ಕಲ್ಲು ಎಣಿಸಿದರೆ ಅಂದಿನ ಪಯಣದ ಲೆಕ್ಕ ಸಿಗುತ್ತಿತ್ತು.

ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಕಂಪನಿ ಸರ್ಕಾರದ ಸರ್ವೇಯವರು ಹಿಡಿಕೆಯುಳ್ಳ ಒಂಟಿ ಗಾಲಿಯನ್ನು ಮುಂದೆ ತಳ್ಳುತ್ತ ಹಿಂದುಸ್ತಾನದ ದಾರಿಗಳನ್ನು ಅಳೆದದ್ದೂ ಇದೇ ಉಪಾಯದಿಂದ. ಗಾಲಿಯ ಸುತ್ತಳತೆ ಗೊತ್ತಿರಬೇಕು, ಸುತ್ತುಗಳನ್ನು ತಪ್ಪದೆ ಎಣಿಸಬೇಕು. ಇಂದಿನ ಸೆನ್ಸರಿನವರೆಗೂ ಇದೇ ಸೂತ್ರ. ಬದಲಾದದ್ದು ಎಣಿಸುವ ಬಗೆ.

ವೇಗಕ್ಕೆ ಅಂಕಿ ಬೇಕಾದದ್ದು

ದೂರದ ಲೆಕ್ಕ ಹಳೆಯದಾದರೂ ಬಂಡಿಯ ವೇಗವನ್ನು ಅಂಕಿಯಲ್ಲಿ ಹೇಳುವ ಅಗತ್ಯ ಬಂದದ್ದು ಯಂತ್ರದ ಗಾಡಿಗಳು ರಸ್ತೆಗಿಳಿದ ಮೇಲೆ. ಇಂಗ್ಲೆಂಡಿನಲ್ಲಿ 1865ರ ಕಾಯ್ದೆ ಇಂಥ ಗಾಡಿಗಳಿಗೆ ಹಳ್ಳಿಗಾಡಿನಲ್ಲಿ ಗಂಟೆಗೆ ನಾಲ್ಕು ಮೈಲಿ, ಊರೊಳಗೆ ಎರಡು ಮೈಲಿ ಎಂದು ಮಿತಿ ಹಾಕಿತ್ತು. 1896ರ ಜನವರಿಯಲ್ಲಿ ಕೆಂಟ್ ಪ್ರಾಂತದ ಹಳ್ಳಿಯೊಂದರಲ್ಲಿ ವಾಲ್ಟರ್ ಆರ್ನಾಲ್ಡ್ ಎಂಬಾತ ಗಂಟೆಗೆ ಎಂಟು ಮೈಲಿ ವೇಗದಲ್ಲಿ ಗಾಡಿ ಓಡಿಸಿದ. ಪೊಲೀಸನೊಬ್ಬ ಸೈಕಲ್ ಮೇಲೆ ಬೆನ್ನಟ್ಟಿ ಅವನನ್ನು ಹಿಡಿದ. ಅತಿವೇಗಕ್ಕಾಗಿ ಆತ ತೆತ್ತ ದಂಡ ಒಂದು ಶಿಲ್ಲಿಂಗ್. ವೇಗದ ಮಿತಿ ಮೀರಿ ಶಿಕ್ಷೆಗೊಳಗಾದ ಮೊದಲ ಮೋಟಾರು ಚಾಲಕನೆಂದು ಅವನ ಹೆಸರು ಉಳಿದಿದೆ. ಕಾನೂನು ವೇಗಕ್ಕೆ ಅಂಕಿ ಹಾಕಿದ ಮೇಲೆ ಆ ಅಂಕಿ ಗಾಡಿ ಓಡಿಸುವವನ ಕಣ್ಣಿಗೂ ಕಾಣಬೇಕಾಯಿತು.

ಅದಕ್ಕೆ ಉತ್ತರ ಕೊಟ್ಟವರಲ್ಲಿ ಪ್ರಮುಖ ಜರ್ಮನಿಯ ಓಟೊ ಶುಲ್ಟ್ಸೆ. ಆತನ ವೇಗಮಾಪಕಕ್ಕೆ ಬರ್ಲಿನ್ನಿನ ಪೇಟೆಂಟ್ ಕಚೇರಿ ಹಕ್ಕುಪತ್ರ ಕೊಟ್ಟದ್ದು 1902ರ ಅಕ್ಟೋಬರಿನಲ್ಲಿ. ಗಾಲಿಯಿಂದಲೋ ಗೇರ್‌ಬಾಕ್ಸಿನಿಂದಲೋ ಹೊರಟ ಬಳುಕುವ ಕೇಬಲ್ಲು ಮೀಟರಿನೊಳಗಿನ ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತದ ಸುತ್ತ ಅಲ್ಯೂಮಿನಿಯಮ್ಮಿನ ಒಂದು ಬಟ್ಟಲು ಇರುತ್ತದೆ. ಎರಡೂ ಒಂದಕ್ಕೊಂದು ತಾಗುವುದಿಲ್ಲ. ಆದರೂ ತಿರುಗುವ ಅಯಸ್ಕಾಂತ ಬಟ್ಟಲಿನಲ್ಲಿ ಸುಳಿಸುಳಿಯಾದ ವಿದ್ಯುತ್ತನ್ನು ಹುಟ್ಟಿಸಿ ಅದನ್ನು ತನ್ನೊಡನೆ ಎಳೆಯುತ್ತದೆ. ಕೂದಲೆಳೆಯಂಥ ಸ್ಪ್ರಿಂಗು ಅದನ್ನು ತಡೆದು ಹಿಡಿಯುತ್ತದೆ. ಈ ಎಳೆತ ತಡೆತಗಳು ಸಮನಾದ ಜಾಗದಲ್ಲಿ ಮುಳ್ಳು ನಿಲ್ಲುತ್ತದೆ. ಇಷ್ಟು ಸರಳವಾದ ಈ ಉಪಾಯ ಶತಮಾನದ ಬಹುಭಾಗ ಜಗತ್ತಿನ ವಾಹನಗಳನ್ನು ಆಳಿತು.

ಭಾರತದಲ್ಲಿ 1914ರಲ್ಲಿ ಮೊದಲು, ಅನಂತರ 1939ರಲ್ಲಿ, ಕೊನೆಗೆ 1988ರಲ್ಲಿ ಮೋಟಾರು ವಾಹನ ಕಾಯ್ದೆಗಳು ಬಂದವು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 117ನೆಯದು ವೇಗಮಾಪಕಕ್ಕೆ ಸಂಬಂಧಿಸಿದ್ದು. ಮೀಟರು ಕೆಲಸ ಮಾಡದ ಗಾಡಿ ಕಾನೂನಿನ ಕಣ್ಣಿಗೂ ಕೊರತೆಯುಳ್ಳ ಗಾಡಿಯೇ.

ಕೇಬಲ್ಲಿನ ಕಾಲದಲ್ಲಿ ದೋಷ ಹುಡುಕುವುದು ಕಷ್ಟವಿರಲಿಲ್ಲ. ಮುಳ್ಳು ತೂಗಾಡಿದರೆ ಕೇಬಲ್ಲಿನ ಗ್ರೀಸು ಒಣಗಿದೆ. ಟಿಕಟಿಕ ಸದ್ದು ಬಂದರೆ ಎಲ್ಲೋ ಸೊಟ್ಟಾಗಿದೆ. ಪೂರ್ತಿ ನಿಂತರೆ ಒಳಗಿನ ತಂತಿ ಕಡಿದಿದೆ, ಇಲ್ಲವೆ ಗೇರ್‌ಬಾಕ್ಸಿನ ಪುಟ್ಟ ಹಲ್ಲುಚಕ್ರ ಸವೆದಿದೆ. ಕೇಬಲ್ಲು ಬಿಚ್ಚಿ ಬೆರಳಿನಿಂದ ತಿರುಗಿಸಿ ನೋಡಿದರೆ ಅರ್ಧ ಉತ್ತರ ಸಿಕ್ಕಂತೆ. ಕಣ್ಣು, ಕಿವಿ, ಬೆರಳು ಇವೇ ಉಪಕರಣ. ಬಾಡಿಗೆ ಗಾಡಿಯ ಕಿಲೋಮೀಟರು ಏರದಿರಲೆಂದು ಕೇಬಲ್ಲನ್ನು ಬೇಕೆಂದೇ ಬಿಚ್ಚಿಡುವವರೂ ಇದ್ದರು. ಅದರಿಂದ ಗಾಡಿ ಕೊಳ್ಳುವವನಿಗೆ ಮೋಸವಾಗುತ್ತಿತ್ತು. ಬ್ರೇಕಿಗೆ ಏನೂ ಆಗುತ್ತಿರಲಿಲ್ಲ.

ವಿಮಾನದಿಂದ ಬಂದ ಬ್ರೇಕು

ಬ್ರೇಕಿನ ಕಥೆ ಬೇರೆ ದಾರಿಯಲ್ಲಿ ಸಾಗುತ್ತಿತ್ತು. ಗಾಬರಿಯಲ್ಲಿ ಬ್ರೇಕನ್ನು ಪೂರ್ತಿ ತುಳಿದಾಗ ಗಾಲಿ ತಿರುಗುವುದನ್ನು ನಿಲ್ಲಿಸಿ ಜಾರತೊಡಗುತ್ತದೆ. ಜಾರುವ ಗಾಲಿಗೆ ರಸ್ತೆಯ ಮೇಲಿನ ಹಿಡಿತ ಕಡಿಮೆಯಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ ಮುಂದಿನ ಗಾಲಿಗಳು ಬಿಗಿದುಕೊಂಡರೆ ಸ್ಟೀರಿಂಗ್ ಎತ್ತ ತಿರುಗಿಸಿದರೂ ಗಾಡಿ ನೇರ ಹೋಗುತ್ತದೆ. ಹಳೆಯ ಡ್ರೈವರುಗಳು ಬ್ರೇಕನ್ನು ಒತ್ತಿ ಬಿಟ್ಟು, ಒತ್ತಿ ಬಿಟ್ಟು ಮಾಡುತ್ತಿದ್ದುದು ಇದೇ ಕಾರಣಕ್ಕೆ.

ಈ ತೊಂದರೆ ಮೊದಲು ಕಾಡಿದ್ದು ವಿಮಾನಗಳನ್ನು. ಒದ್ದೆ ರನ್‌ವೇ ಮೇಲೆ ಗಾಲಿ ಬಿಗಿದರೆ ಟೈರು ಸಿಡಿಯುತ್ತಿತ್ತು. 1950ರ ದಶಕದಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯ ಮ್ಯಾಕ್ಸರೆಟ್ ಎಂಬ ಯಾಂತ್ರಿಕ ಸಾಧನ ವಿಮಾನಗಳಲ್ಲಿ ಬಳಕೆಗೆ ಬಂತು. 1966ರಲ್ಲಿ ಅದನ್ನೇ ಜೆನ್ಸನ್ ಎಫ್‌ಎಫ್ ಎಂಬ ಕಾರಿಗೆ ಅಳವಡಿಸಿದರು. ಆದರೆ ಅದು ತುಟ್ಟಿಯ ಮಾತು. ನಾಲ್ಕು ಗಾಲಿಗಳನ್ನೂ ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದು ಒಟ್ಟಿಗೆ ಗಮನಿಸುವ ಏರ್ಪಾಟನ್ನು ಜರ್ಮನಿಯ ಬಾಷ್ ಮತ್ತು ಮರ್ಸಿಡಿಸ್ ಬೆಂಜ್ ಕಂಪನಿಗಳು 1978ರಲ್ಲಿ ಜಗತ್ತಿನ ಮುಂದಿಟ್ಟವು. ಇಂದಿನ ಎಬಿಎಸ್ ಬ್ರೇಕಿನ ವಂಶಾವಳಿ ಅಲ್ಲಿಂದ ಶುರು.

ಅದರ ಕೆಲಸ ತಿಳಿಯುವುದು ಕಷ್ಟವಲ್ಲ. ಪ್ರತಿ ಗಾಲಿಯ ಜೊತೆಗೆ ಹಲ್ಲುಗಳುಳ್ಳ ಒಂದು ಬಳೆ ತಿರುಗುತ್ತದೆ. ಅದರ ಎದುರಿಗೆ ಸುಮಾರು ಒಂದು ಮಿಲಿಮೀಟರ್ ಅಂತರದಲ್ಲಿ ಸೆನ್ಸರ್ ಕುಳಿತಿರುತ್ತದೆ. ಒಂದೊಂದು ಹಲ್ಲು ಎದುರಿಗೆ ಹಾದಾಗಲೂ ಒಂದೊಂದು ವಿದ್ಯುತ್ ಮಿಡಿತ. ಕಾರಿನ ಬಳೆಗೆ 48 ಹಲ್ಲುಗಳಿವೆ ಎಂದುಕೊಂಡರೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಗಾಲಿ ಸೆಕೆಂಡಿಗೆ ಸುಮಾರು ಒಂಬತ್ತು ಸುತ್ತು ಸುತ್ತುತ್ತದೆ. ಮಿಡಿತಗಳು 430ರ ಆಸುಪಾಸು. ಮೂರು ಗಾಲಿಗಳ ಎಣಿಕೆ ಸರಿಯಾಗಿದ್ದು ಒಂದರದು ಮಾತ್ರ ಒಮ್ಮೆಲೆ ಕುಸಿದರೆ ಅದು ಬಿಗಿಯಲಿದೆ ಎಂದು ಪೆಟ್ಟಿಗೆ ತಿಳಿಯುತ್ತದೆ. ಕೂಡಲೆ ಆ ಗಾಲಿಯ ಬ್ರೇಕ್ ಒತ್ತಡವನ್ನು ಸಡಿಲಿಸಿ ಮತ್ತೆ ಒತ್ತುತ್ತದೆ. ಹಳೆಯ ಡ್ರೈವರಿನ ಕಾಲು ಮಾಡುತ್ತಿದ್ದ ಕೆಲಸವೇ. ಆದರೆ ಸೆಕೆಂಡಿಗೆ ಹಲವು ಸಲ, ಒಂದೊಂದು ಗಾಲಿಗೂ ಬೇರೆಬೇರೆಯಾಗಿ. ಮರಳು, ಜಲ್ಲಿ, ಸಡಿಲ ಮಣ್ಣಿನ ಮೇಲೆ ಗಾಡಿ ನಿಲ್ಲಲು ಇದರಿಂದ ಸ್ವಲ್ಪ ಹೆಚ್ಚು ದೂರ ಹಿಡಿಯಬಹುದು. ಆದರೂ ಸ್ಟೀರಿಂಗ್ ಕೈಯಲ್ಲಿ ಉಳಿಯುತ್ತದೆ, ಎದುರಿಗೆ ಬಂದದ್ದನ್ನು ತಪ್ಪಿಸಿ ಹೋಗಬಹುದು.

ಸೆನ್ಸರಿನಲ್ಲಿ ಎರಡು ಜಾತಿ. ಮೊದಲನೆಯದರಲ್ಲಿ ಅಯಸ್ಕಾಂತವೂ ತಂತಿಯ ಸುರುಳಿಯೂ ಇರುತ್ತವೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ತತ್ತ್ವದಂತೆ ಹಲ್ಲು ಸರಿದಾಗ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಅದಕ್ಕೆ ಹೊರಗಿನಿಂದ ವಿದ್ಯುತ್ ಕೊಡಬೇಕಿಲ್ಲ. ಆದರೆ ಗಾಡಿ ತೀರ ನಿಧಾನವಾಗಿದ್ದರೆ ಅದರ ದನಿ ಕೇಳಿಸದಷ್ಟು ಕ್ಷೀಣ. ಎರಡನೆಯ ಜಾತಿಯವುಗಳಲ್ಲಿ ಹಲವು ಅಮೆರಿಕದ ಎಡ್ವಿನ್ ಹಾಲ್ 1879ರಲ್ಲಿ ಗುರುತಿಸಿದ ಪರಿಣಾಮವನ್ನು ನೆಚ್ಚಿದವು. ಇವಕ್ಕೆ ಹೊರಗಿನ ವಿದ್ಯುತ್ ಬೇಕು. ಪ್ರತಿಯಾಗಿ ಆಮೆನಡಿಗೆಯಲ್ಲೂ ಸ್ಪಷ್ಟವಾದ ಎಣಿಕೆ ಕೊಡುತ್ತವೆ. ಇಂಥ ಹಲವು ಕಾರುಗಳಲ್ಲಿ ಹಲ್ಲಿನ ಬಳೆಯೇ ಇರುವುದಿಲ್ಲ. ಬೇರಿಂಗಿನ ಒಂದು ಬದಿಯ ಸೀಲಿನಲ್ಲಿ ಉತ್ತರ ದಕ್ಷಿಣ ಧ್ರುವಗಳನ್ನು ಸಾಲಾಗಿ ಅಡಗಿಸಿರುತ್ತಾರೆ. ಕಣ್ಣಿಗೆ ಅದು ಬರಿಯ ಕಪ್ಪು ಉಂಗುರ.

ಒಂದು ಎಣಿಕೆ, ಹಲವು ಕಿವಿಗಳು

ಎಣಿಕೆ ವಿದ್ಯುತ್ತಿನ ರೂಪಕ್ಕೆ ಬಂದ ಮೇಲೆ ಅದನ್ನು ಹಂಚಿಕೊಳ್ಳುವುದು ಸುಲಭವಾಯಿತು. ಕೆಲವು ವಾಹನಗಳಲ್ಲಿ ಗೇರ್‌ಬಾಕ್ಸಿನ ಮೇಲೆ ಕುಳಿತ ವೇಗದ ಸೆನ್ಸರ್ ಮುಳ್ಳನ್ನು ನಡೆಸುತ್ತದೆ. ಇನ್ನು ಕೆಲವದರಲ್ಲಿ ಆ ಸೆನ್ಸರೇ ಇಲ್ಲ. ಗಾಲಿಗಳ ಎಣಿಕೆಯನ್ನು ಎಬಿಎಸ್ ಪೆಟ್ಟಿಗೆ ಪಡೆದು ಅದನ್ನೇ ಮೀಟರಿಗೂ ಇಂಜಿನ್ನಿಗೂ ದಾಟಿಸುತ್ತದೆ.

ಕಾನೂನು ಕೂಡ ಈ ಎಣಿಕೆಯ ಮೇಲೆ ಭಾರ ಹೇರುತ್ತ ಹೋಯಿತು. 2015ರಲ್ಲಿ ಕೇಂದ್ರ ಸರ್ಕಾರ ಸಾರಿಗೆ ವಾಹನಗಳಿಗೆ ಗಂಟೆಗೆ 80 ಕಿಲೋಮೀಟರ್ ಮೀರದಂತೆ ತಡೆಯುವ ವೇಗ ನಿಯಂತ್ರಕವನ್ನು ವಿಧಿಸಿತು. ಎಲೆಕ್ಟ್ರಾನಿಕ್ ನಿಯಂತ್ರಕಕ್ಕೆ ಗಾಡಿಯ ವೇಗ ತಿಳಿಯುವುದೂ ಸೆನ್ಸರಿನಿಂದಲೇ. 2018ರ ಏಪ್ರಿಲಿನಿಂದ ಹೊಸ ಮಾದರಿಯ ಕಾರುಗಳಿಗೆ, 2019ರ ಏಪ್ರಿಲಿನಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯವಾಯಿತು. 125 ಸಿಸಿ ಮೀರಿದ ಮೋಟಾರ್ ಸೈಕಲ್ಲುಗಳಿಗೂ ಅದೇ ಗಡುವು. ಹೀಗೆ ಪಟ್ಟಣದ ತುಟ್ಟಿ ಕಾರುಗಳಲ್ಲಿ ಮಾತ್ರ ಇದ್ದ ಹಲ್ಲಿನ ಬಳೆ ಕೆಲವೇ ವರ್ಷಗಳಲ್ಲಿ ಇಂಡಿಯ ಲಿಂಬೆ ವ್ಯಾಪಾರಿಯ ಕಾರಿಗೂ ಸಿಂದಗಿಯ ಯುವಕನ ಬೈಕಿಗೂ ಬಂತು.

ಈ ಸೀಮೆಯ ದಾರಿಗಳೂ ಬದಲಾಗಿವೆ. ಸೊಲ್ಲಾಪುರದಿಂದ ವಿಜಯಪುರಕ್ಕೆ ಬರುವ ರಾಷ್ಟ್ರೀಯ ಹೆದ್ದಾರಿ 52 ಝಳಕಿ, ಹೊರ್ತಿಗಳ ಮೇಲೆ ಹಾಯುತ್ತದೆ. ಕಲಬುರಗಿ ಕಡೆಯಿಂದ ಸಿಂದಗಿಯ ಮೂಲಕ ವಿಜಯಪುರ ಮುಟ್ಟುವ ಹೆದ್ದಾರಿ 50 ಮುಂದೆ ನಿಡಗುಂದಿಯ ಕಡೆಯಿಂದ ಕೃಷ್ಣೆಯನ್ನು ದಾಟುತ್ತದೆ. ಹೆದ್ದಾರಿಯ ಮೇಲೆ ಗಾಡಿಗಳು ನೂರರ ವೇಗದಲ್ಲಿ ಓಡುತ್ತವೆ. ಅಲ್ಲಿಂದ ಹಳ್ಳಿಯ ದಾರಿಗೆ ಹೊರಳಿದ ಮೇಲೆ ಕಬ್ಬಿನ ಟ್ರ್ಯಾಕ್ಟರು, ಚಕ್ಕಡಿ, ಕುರಿಹಿಂಡು ಎದುರಾಗುತ್ತವೆ. ಒಮ್ಮೆಲೆ ಬ್ರೇಕು ತುಳಿಯುವ ಪ್ರಸಂಗಗಳು ಇಲ್ಲಿ ಅಪರೂಪವಲ್ಲ.

ಮುಳ್ಳು ನಿಂತಾಗ ಹುಡುಕುವ ಕ್ರಮ

ಎಣಿಕೆ ತಪ್ಪಿದಾಗ ದೋಷ ಎಲ್ಲಿದೆ ಎಂದು ತಿಳಿಯಲು ಮೊದಲು ನೋಡಬೇಕಾದದ್ದು ದೀಪಗಳನ್ನು. ಕೀಲಿ ತಿರುಗಿಸಿದಾಗ ಎಬಿಎಸ್ ದೀಪ ಹತ್ತಿ ಸ್ವಲ್ಪ ಹೊತ್ತಿನಲ್ಲಿ ಆರಬೇಕು. ಹತ್ತಲೇ ಇಲ್ಲವೆಂದರೆ ಗಾಡಿ ಸರಿಯಿದೆಯೆಂದು ತಿಳಿಯಬಾರದು. ಹಳೆಯ ಗಾಡಿ ಮಾರುವವರು ದೀಪವನ್ನೇ ತೆಗೆದಿರಬಹುದು. ಹತ್ತಿದ್ದು ಆರದೆ ಉಳಿದರೆ ಎಬಿಎಸ್ ಕೆಲಸ ಬಿಟ್ಟಿದೆ. ಆದರೆ ಸಾಮಾನ್ಯ ಬ್ರೇಕು ಇರುತ್ತದೆ, ನಿಧಾನವಾಗಿ ಗ್ಯಾರೇಜು ಮುಟ್ಟಬಹುದು. ಹಳದಿ ದೀಪದ ಜೊತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಮಾತ್ರ ಗಾಡಿಯನ್ನು ಬದಿಗೆ ನಿಲ್ಲಿಸುವುದೇ ಸರಿ. ಬ್ರೇಕ್ ಎಣ್ಣೆ ಇಳಿದಿರಬಹುದು, ಇಲ್ಲವೆ ಮುಂದಿನ ಹಿಂದಿನ ಗಾಲಿಗಳಿಗೆ ಒತ್ತಡ ಹಂಚುವ ವ್ಯವಸ್ಥೆಯೂ ಕೈಕೊಟ್ಟಿರಬಹುದು.

ಎರಡನೆಯದು, ಯಾವುದು ಕೆಟ್ಟಿದೆ, ಯಾವುದು ಕೆಟ್ಟಿಲ್ಲ ಎಂಬ ಲೆಕ್ಕ. ಮುಳ್ಳು ಸತ್ತಿದ್ದು ಎಬಿಎಸ್ ದೀಪ ಆರಿದ್ದರೆ ಗೇರ್‌ಬಾಕ್ಸಿನ ಸೆನ್ಸರ್, ಅದರ ತಂತಿ ಅಥವಾ ಮೀಟರಿನ ಮೇಲೆ ಅನುಮಾನ. ಮುಳ್ಳು ಸರಿಯಾಗಿದ್ದು ದೀಪ ಹತ್ತಿದ್ದರೆ ಬಹುಶಃ ಯಾವುದೋ ಒಂದು ಗಾಲಿಯ ಸೆನ್ಸರ್. ಎರಡೂ ಒಟ್ಟಿಗೆ ಕೆಟ್ಟಿದ್ದರೆ ಎರಡಕ್ಕೂ ಸಮಾನವಾದದ್ದನ್ನು, ಎಂದರೆ ಫ್ಯೂಸು, ಅರ್ಥಿಂಗು, ಮೀಟರಿಗೆ ವೇಗ ಒದಗಿಸುವ ಗಾಲಿಯ ಸೆನ್ಸರ್ ಅಥವಾ ಎಬಿಎಸ್ ಪೆಟ್ಟಿಗೆಯನ್ನು ಮೊದಲು ನೋಡಬೇಕು. ಕೇಬಲ್ಲಿನ ಕಾಲದ ಮೆಕ್ಯಾನಿಕ್ಕಿಗೂ ಈ ತರ್ಕ ಹೊಸದಲ್ಲ.

ಮೂರನೆಯದು ಕೋಡು ಓದುವುದು. ಅಮೆರಿಕದಲ್ಲಿ 1996ರ ಕಾರುಗಳಿಗೆ ಸಮಾನ ಮಾದರಿಯ ದೋಷಸಂಕೇತಗಳು ಕಡ್ಡಾಯವಾದವು. ಭಾರತದ ಕಾರುಗಳಿಗೆ ಅಂಥ ವ್ಯವಸ್ಥೆ 2013ರಿಂದ ಬಂತು. ಪಿ 0500 ಎಂದರೆ ವಾಹನದ ವೇಗದ ಸೆನ್ಸರಿನ ದೋಷ, ಸಿ 0035 ಎಂದರೆ ಮುಂದಿನ ಎಡಗಾಲಿಯ ಸೆನ್ಸರಿನದು. ಆದರೆ ಕೋಡು ಹೇಳುವುದು ಯಾವ ದಾರಿಯಲ್ಲಿ ಎಣಿಕೆ ಕಡಿದಿದೆ ಎಂದು ಮಾತ್ರ. ಆ ದಾರಿಯಲ್ಲಿ ಸೆನ್ಸರ್ ಇದೆ, ತಂತಿಯಿದೆ, ಕನೆಕ್ಟರಿದೆ, ಹಲ್ಲಿನ ಬಳೆಯಿದೆ, ಬೇರಿಂಗಿದೆ. ಕೋಡು ನೋಡಿದ ಕೂಡಲೆ ಹೊಸ ಸೆನ್ಸರ್ ತರಿಸಿ ಹಾಕಿ, ದೀಪ ಮತ್ತೆ ಹತ್ತಿದಾಗ ಇನ್ನೊಂದು ಭಾಗ ಬದಲಿಸುತ್ತ ಹೋದರೆ ಹಣ ಖರ್ಚಾಗುತ್ತದೆ, ದೋಷ ಉಳಿಯುತ್ತದೆ.

ಆದ್ದರಿಂದ ನಾಲ್ಕನೆಯ ಹೆಜ್ಜೆ ಗಾಲಿಯ ಬಳಿ ಕೂತು ನೋಡುವುದು. ಎರೆಮಣ್ಣು ಒಣಗಿದರೆ ಗಚ್ಚಿನಂತೆ ಗಟ್ಟಿ. ಹಲ್ಲುಗಳ ಸಂದಿಯಲ್ಲಿ ಅದು ಹೆಪ್ಪುಗಟ್ಟಬಹುದು, ತಂತಿಯನ್ನು ಜಗ್ಗಬಹುದು. ಸೆನ್ಸರಿನ ತುದಿಯಲ್ಲಿ ಅಯಸ್ಕಾಂತವಿದ್ದರೆ ಕಬ್ಬಿಣದ ಪುಡಿ ಅಂಟಿಕೊಳ್ಳುತ್ತದೆ. ಸ್ಟೀರಿಂಗ್ ತಿರುಗಿದಾಗಲೆಲ್ಲ ಬಾಗುವ ಜಾಗದಲ್ಲಿ ತಂತಿ ಒಳಗೇ ಕಡಿದಿರುತ್ತದೆ. ಕೆಲವೊಮ್ಮೆ ಇಲಿ ಕಡಿದಿರುತ್ತದೆ. ಕನೆಕ್ಟರಿನಲ್ಲಿ ಹಸಿರು ಕಿಲುಬು ಕಂಡರೆ ನೀರು ಹೊಕ್ಕಿದೆ. ಬಳೆಯಲ್ಲಿ ಬಿರುಕು ಬಿಟ್ಟಿದ್ದರೆ ಅಥವಾ ಒಂದು ಹಲ್ಲು ಮುರಿದಿದ್ದರೆ ಲಕ್ಷಣವೇ ಬೇರೆ. ಒಣ ರಸ್ತೆಯಲ್ಲಿ ಗಾಡಿ ಇನ್ನೇನು ನಿಲ್ಲುತ್ತದೆ ಎನ್ನುವಾಗ ಬ್ರೇಕ್ ಪೆಡಲ್ಲು ಕಾಲ ಕೆಳಗೆ ಗಡಗಡ ನಡುಗುತ್ತದೆ. ಇಲ್ಲದ ಹಲ್ಲನ್ನು ಪೆಟ್ಟಿಗೆ ಗಾಲಿ ಬಿಗಿಯಿತೆಂದು ತಿಳಿದಿರುತ್ತದೆ. ಬೇರಿಂಗು ಸಡಿಲವಾಗಿದ್ದರೆ ಅಂತರ ಹೆಚ್ಚು ಕಡಿಮೆಯಾಗಿ ಎಣಿಕೆ ಬಿಟ್ಟು ಬಿಟ್ಟು ಬರುತ್ತದೆ. ಅಯಸ್ಕಾಂತದ ಸೀಲುಳ್ಳ ಬೇರಿಂಗನ್ನು ತಿರುವುಮುರುವಾಗಿ ಕೂಡಿಸಿದರೆ ಬೇರಿಂಗೂ ಹೊಸದು, ಸೆನ್ಸರೂ ಸರಿ, ಎಣಿಕೆ ಮಾತ್ರ ಶೂನ್ಯ. ಒಂದೇ ಗಾಲಿಗೆ ಬೇರೆ ಅಳತೆಯ ಟೈರು ಹಾಕಿದಾಗಲೂ ಅದರ ಲೆಕ್ಕ ಉಳಿದವಕ್ಕೆ ಹೊಂದುವುದಿಲ್ಲ.

ಕೊನೆಗೆ ಅಳತೆ. ಸುರುಳಿಯ ಸೆನ್ಸರಾದರೆ ಮಲ್ಟಿಮೀಟರಿನಲ್ಲಿ ರೋಧವನ್ನು ನೋಡಿ ತಯಾರಕರ ಕೈಪಿಡಿಯ ಅಂಕಿಗೆ ಹೋಲಿಸಬಹುದು. ಗಾಲಿಯನ್ನು ಎತ್ತಿ ಕೈಯಿಂದ ತಿರುಗಿಸಿದಾಗ ಸಣ್ಣ ಎಸಿ ವೋಲ್ಟೇಜು ಹುಟ್ಟಬೇಕು. ಎರಡನೆಯ ಜಾತಿಯ ಸೆನ್ಸರಿಗೆ ಈ ರೋಧದ ಪರೀಕ್ಷೆ ಸಲ್ಲದು. ಅದಕ್ಕೆ ವಿದ್ಯುತ್ ಸರಬರಾಜು ಆಗುತ್ತಿದೆಯೇ ಎಂದು ನೋಡಿ, ಸ್ಕ್ಯಾನರಿನ ಪರದೆಯಲ್ಲಿ ನಾಲ್ಕೂ ಗಾಲಿಗಳ ವೇಗವನ್ನು ಒಟ್ಟಿಗೆ ಗಮನಿಸಬೇಕು. ನೇರ ದಾರಿಯಲ್ಲಿ ಮೂರು ಗಾಲಿಗಳು 30 ಎಂದು ತೋರಿಸುವಾಗ ಒಂದು ಮಾತ್ರ ಸೊನ್ನೆ ಎಂದರೆ ದೋಷ ಸಿಕ್ಕಂತೆಯೇ. ಪರದೆ ನೋಡುವವನು ಗಾಡಿ ಓಡಿಸುವವನಾಗಿರಬಾರದು. ರಿಪೇರಿಯ ನಂತರ ಕೋಡು ಅಳಿಸಿ, ಮತ್ತೆ ಓಡಿಸಿ, ದೀಪ ಆರಿಯೇ ಇರುವುದನ್ನು ಖಚಿತಪಡಿಸಿಕೊಂಡ ಮೇಲಷ್ಟೇ ಕೆಲಸ ಮುಗಿದಂತೆ.

ಈ ಎಲ್ಲಕ್ಕೂ ಅಡ್ಡದಾರಿಗಳಿವೆ. ಫ್ಯೂಸು ಕಿತ್ತುಬಿಡುವುದು, ದೀಪದ ಮೇಲೆ ಟೇಪು ಅಂಟಿಸುವುದು, ವೇಗ ನಿಯಂತ್ರಕವನ್ನು ತಪ್ಪಿಸಲೆಂದು ಸೆನ್ಸರಿನ ತಂತಿ ಕತ್ತರಿಸುವುದು ಇವೆಲ್ಲ ಅಲ್ಲಲ್ಲಿ ನಡೆಯುವಂಥವೇ. ಕೇಬಲ್ಲು ಬಿಚ್ಚಿಡುತ್ತಿದ್ದ ಹಳೆಯ ಚಾಳಿಯ ಮುಂದುವರಿಕೆ ಇದು. ಆಗ ಅದರ ಬೆಲೆ ಕೆಲವು ಸಾವಿರ ಕಿಲೋಮೀಟರುಗಳ ಸುಳ್ಳು ಲೆಕ್ಕ. ಈಗ ಅದರ ಬೆಲೆ ತಿಳಿಯುವುದು ಕಬ್ಬಿನ ಟ್ರ್ಯಾಲಿ ದೀಪವಿಲ್ಲದೆ ಕತ್ತಲಲ್ಲಿ ನಿಂತಿರುವಾಗ, ಕೆಸರಿನ ಮೇಲೆ ಬ್ರೇಕು ತುಳಿದ ಕ್ಷಣದಲ್ಲಿ.

ರೋಮಿನ ಬಂಡಿಯಲ್ಲಿ ಕಲ್ಲು ಬೀಳದಿದ್ದರೆ ಸಂಜೆಯ ಲೆಕ್ಕ ತಪ್ಪುತ್ತಿತ್ತು, ಅಷ್ಟೆ. ಇಂದಿನ ಗಾಡಿಯಲ್ಲಿ ಅದೇ ಎಣಿಕೆ ಪಯಣಿಗರ ಪ್ರಾಣದ ಲೆಕ್ಕವನ್ನೂ ಹೊತ್ತಿದೆ. ಮಳೆಗಾಲಕ್ಕೆ ಮೊದಲೊಮ್ಮೆ, ಕಬ್ಬಿನ ಹಂಗಾಮಿಗೆ ಮೊದಲೊಮ್ಮೆ ಗಾಲಿಯ ಒಳಬದಿಯ ಮಣ್ಣು ತೊಳೆಸಿ ತಂತಿಯನ್ನು ಕಣ್ಣಾಡಿಸಿ ನೋಡಲು ಅರ್ಧ ಗಂಟೆ ಸಾಕು. ಮುಳ್ಳು ನಿಂತ ದಿನ ಡ್ರೈವರು ಮೊದಲು ನೋಡಬೇಕಾದದ್ದು ಅದರ ಪಕ್ಕದಲ್ಲಿ ಹಳದಿ ದೀಪ ಹತ್ತಿದೆಯೇ ಎಂಬುದನ್ನು.